ಜಮಖಂಡಿ ಗಾಡಿಯ ವಾಟರ್ ಪಂಪು

ನಾನು ಕಾರಿನ ಎಂಜಿನ್ನಿಗೆ ಕೂಡಿಸುವ ಒಂದು ವಾಟರ್ ಪಂಪು. ಪಂಪು ಎಂದ ಕೂಡಲೇ ಬಾವಿಯನ್ನೋ ಕಬ್ಬಿನ ಹೊಲವನ್ನೋ ನೆನೆಯಬೇಡಿ. ನಾನು ಒಂದು ಸಸಿಯ ಬುಡಕ್ಕೂ ನೀರು ಹಾಯಿಸಿದವನಲ್ಲ. ರೇಡಿಯೇಟರಿನಲ್ಲಿ ತಣಿದ ನೀರನ್ನು ಕಾದ ಎಂಜಿನ್ನಿನ ಮೈಯೊಳಗೆ ತಳ್ಳುವುದು, ಅಲ್ಲಿ ಬಿಸಿಯಾದ ನೀರನ್ನು ಮತ್ತೆ ತಣಿಯಲು ಕಳಿಸುವುದು, ಇಷ್ಟೇ ನನ್ನ ಕೆಲಸ. ನಾನು ತಿರುಗದಿದ್ದರೆ ನೀರು ಕುದಿಯುತ್ತದೆ, ಕಾರು ದಾರಿಯಲ್ಲಿ ನಿಂತುಬಿಡುತ್ತದೆ. ಆದರೂ ನಾನು ಯಾರ ಕಣ್ಣಿಗೂ ಬೀಳುವವನಲ್ಲ. ಬಾನೆಟ್ಟು ಎತ್ತಿದವರಿಗೆ ಮೊದಲು ಕಾಣುವುದು ಫ್ಯಾನು. ನಾನು ಅದರ ಬೆನ್ನಿಗೆ ಇರುತ್ತೇನೆ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಕಪ್ಪು ಮರಳಿನ ಅಚ್ಚಿನೊಳಗೆ ಕರಗಿದ ಬೀಡು ಕಬ್ಬಿಣ ಸುರಿದರು. ತಣಿದ ಮೇಲೆ ಅಚ್ಚು ಒಡೆದು ಹೊರಗೆ ತೆಗೆದಾಗ ನನ್ನ ಮೈಯೆಲ್ಲ ಒರಟು. ಲೇಥಿಗೆ ಹಿಡಿದು ಹೆರೆದರು, ತೂತು ಕೊರೆದರು. ಹೊಟ್ಟೆಯಲ್ಲಿ ಒಂದು ಉಕ್ಕಿನ ಶಾಫ್ಟು ಇಟ್ಟರು, ಅದು ಹಗುರಾಗಿ ತಿರುಗಲೆಂದು ಬೇರಿಂಗು, ನೀರು ಸೋರದಿರಲೆಂದು ಸೀಲು, ಒಳತುದಿಗೆ ನೀರು ತಳ್ಳುವ ರೆಕ್ಕೆಗಳ ಚಕ್ರ. ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ತಿರುಗಿಸಿದಳು. ಸದ್ದು ಬರಲಿಲ್ಲ. ಅವಳು ಪಕ್ಕದವಳ ಜೊತೆ ಮಗಳ ಜ್ವರದ ಮಾತಾಡುತ್ತಲೇ ನನ್ನನ್ನು ರಟ್ಟಿನ ಡಬ್ಬಿಗೆ ಹಾಕಿ ಮುಚ್ಚಿದಳು.

ಅಲ್ಲಿಂದ ಹುಬ್ಬಳ್ಳಿಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದೆ. ಮಾಲೀಕರು ಶಾಂತಿಲಾಲ ಶೇಠರು. ನನ್ನ ಜೊತೆ ಬಂದ ಪಂಪುಗಳು ಒಂದೊಂದಾಗಿ ಮಾರಾಟವಾದವು. ನಾನು ಉಳಿದೆ. ಆಮೇಲೆ ಆ ಜಾತಿಯ ಕಾರು ತಯಾರಾಗುವುದೇ ನಿಂತಿತು. ಹೊಸ ಮಾಲು ಬಂದಂತೆಲ್ಲ ಶೇಠರು ನನ್ನನ್ನು ಮೇಲಿನ ಹಲಗೆಗೆ, ಅದಕ್ಕೂ ಮೇಲಿನ ಹಲಗೆಗೆ ಸರಿಸಿದರು. ಕೊನೆಗೆ ಜೇಡರ ಬಲೆಯ ಸಮೀಪ ಒಂದು ಮೂಲೆ ನನ್ನ ಪಾಲಿಗೆ ಬಂತು. ಒಂದು ಸುತ್ತೂ ತಿರುಗದೆ ಮುದುಕನಾಗುತ್ತೇನೆ ಎಂದುಕೊಂಡಿದ್ದೆ.

ಆಗ ಬನಹಟ್ಟಿಯಿಂದ ಗುರಸಿದ್ದಪ್ಪ ಬಂದ. ಗಟ್ಟಿ ಆಳು, ದೊಡ್ಡ ದನಿ. ಅವನ ಕಾರಿನ ಪಂಪು ಹನಿಯಲು ಶುರುವಾಗಿತ್ತು. ಜಮಖಂಡಿಯಲ್ಲಿ ಕೇಳಿದ್ದ, ಬಾಗಲಕೋಟೆಯಲ್ಲಿ ಕೇಳಿದ್ದ, ಎಲ್ಲೂ ಸಿಕ್ಕಿರಲಿಲ್ಲ. ಶೇಠರು ನಿಚ್ಚಣಿಕೆ ಹತ್ತಿ ನನ್ನನ್ನು ಇಳಿಸಿ, ಡಬ್ಬಿಯ ಧೂಳು ಊದಿ ಅವನ ಮುಂದಿಟ್ಟರು. ಗುರಸಿದ್ದಪ್ಪ ನನ್ನನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ.

“ಇದಽ ಬೇಕಾಗಿತ್ತು ನೋಡ್ರಿ,” ಅಂದ. ನನ್ನನ್ನು ಯಾರಾದರೂ ಬೇಕು ಎಂದದ್ದು ಅದೇ ಮೊದಲು.

ಅವನದು ದೊಡ್ಡ ಹೊಟ್ಟೆಯ ಹಳೆಯ ಡೀಸೆಲ್ ಕಾರು. ಬನಹಟ್ಟಿಯಿಂದ ಜಮಖಂಡಿಗೆ ದಿನವೂ ಸೀಟು ತುಂಬಿಕೊಂಡು ಹೋಗುತ್ತಿತ್ತು. ಕೆಟ್ಟರೆ ಅವನೇ ಮನೆಯ ಮುಂದೆ ನಿಲ್ಲಿಸಿಕೊಂಡು ರಿಪೇರಿ ಮಾಡುತ್ತಿದ್ದ. ಬೇರೆಯವರ ಕೈ ತಾಗಿಸುತ್ತಿರಲಿಲ್ಲ. ಭಾನುವಾರ ಕೂಡಿಸಿದರಾಯಿತು ಎಂದು ನನ್ನನ್ನು ಡಿಕ್ಕಿಯಲ್ಲಿ ಹಾಕಿದ. ಆ ಭಾನುವಾರ ಮದುವೆಯ ಬಾಡಿಗೆ ಬಂತು. ಮುಂದಿನ ಭಾನುವಾರ ಇನ್ನೇನೋ ಬಂತು. ಹಳೆಯ ಪಂಪು ಹನಿಯುತ್ತಲೇ ಇತ್ತು. ಅವನು ಕ್ಯಾನಿನಲ್ಲಿ ನೀರಿಟ್ಟುಕೊಂಡು ದಾರಿಯಲ್ಲಿ ತುಂಬಿಸುತ್ತ ಓಡಿಸಿದ. ಡಿಕ್ಕಿಯೊಳಗೆ ನನಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ಕೇಳುತ್ತಿದ್ದುದು ಅವನ ಕೂಗು. ಸ್ಟ್ಯಾಂಡಿನಲ್ಲಿ ಕಾರಿನ ಪಕ್ಕ ನಿಂತು “ಜಮಖಂಡಿ, ಜಮಖಂಡಿ, ಜಮಖಂಡಿ” ಎಂದು ಒಂದೇ ಉಸಿರಿಗೆ ಕರೆಯುತ್ತಿದ್ದ. ಆ ಕೂಗಿಗೆ ಜನ ಬಂದು ಕೂಡುತ್ತಿದ್ದರು, ಬಾಗಿಲು ದಪ್ಪೆಂದು ಮುಚ್ಚುತ್ತಿತ್ತು, ಕಾರು ಹೊರಡುತ್ತಿತ್ತು.

ಒಂದು ಬೆಳಗ್ಗೆ ಕೂಗು ಅರ್ಧಕ್ಕೆ ನಿಂತಿತು. ಏನೋ ಭಾರವಾದದ್ದು ಕಾರಿನ ಮೈಗೆ ತಾಗಿ ಕೆಳಗೆ ಜಾರಿತು. ಜನ ಓಡಿಬಂದ ಸದ್ದು ಕೇಳಿತು. ಲಕ್ವಾ ಹೊಡೆದೈತಿ ಎಂದು ಯಾರೋ ಅಂದರು. ಅವನನ್ನು ಬೇರೊಂದು ಗಾಡಿಯಲ್ಲಿ ದವಾಖಾನೆಗೆ ಒಯ್ದರು. ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ ನಮ್ಮ ಕಾರನ್ನು ಮನೆಗೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಹೋದ. ನೀರು ಹಾಕಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಬಾನೆಟ್ಟಿನೊಳಗೆ ನೀರು ಕುದಿಯುವ ಸದ್ದು ಕೇಳುತ್ತಿತ್ತು.

ಗುರಸಿದ್ದಪ್ಪನ ಹೆಂಡತಿ ಕಸ್ತೂರಿ ಡಿಕ್ಕಿ ತೆರೆದು ಎಲ್ಲವನ್ನೂ ಮನೆಯೊಳಗೆ ಸಾಗಿಸಿದಳು. ನನ್ನನ್ನು ಅಡಿಗೆಮನೆಯ ಹಲಗೆಯ ಮೇಲೆ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿಟ್ಟಳು. ಆ ಮನೆಯ ಸಂಸಾರವನ್ನು ನಾನು ಅಲ್ಲಿಂದಲೇ ನೋಡಿದೆ. ಕಸ್ತೂರಿ ಓಣಿಯ ಆಚೆಗಿದ್ದ ಪವರ್‌ಲೂಮಿನ ಶೆಡ್ಡಿನಲ್ಲಿ ಸೀರೆ ನೇಯುವ ಮಗ್ಗ ನಡೆಸುತ್ತಿದ್ದಳು. ತೆಳ್ಳಗಿನ ಹೆಂಗಸು. ಮಾತು ಕಡಿಮೆ. ಮಕ್ಕಳಿರಲಿಲ್ಲ.

ದವಾಖಾನೆಯಿಂದ ಮರಳಿದ ಗುರಸಿದ್ದಪ್ಪನಿಗೆ ಬಲಗೈ, ಬಲಗಾಲು ಇದ್ದೂ ಇಲ್ಲದಂತಾಗಿದ್ದವು. ಕೋಲು ಹಿಡಿದು ಕಾಲೆಳೆಯುತ್ತ ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಅದಕ್ಕಿಂತ ಕೆಟ್ಟದ್ದು ಮಾತು. ಎಲ್ಲ ಮಾತೂ ಹೋಗಿ ಒಂದೇ ಒಂದು ಉಳಿದಿತ್ತು. ನೀರು ಬೇಕೆಂದರೆ “ಜಮಖಂಡಿ” ಅನ್ನುತ್ತಿದ್ದ. ಬಾಗಿಲು ಹಾಕು ಎನ್ನಲಿಕ್ಕೂ ಜಮಖಂಡಿ, ಹೆಂಡತಿಯ ಹೆಸರು ಕರೆಯಲಿಕ್ಕೂ ಜಮಖಂಡಿ. ತಲೆಯೊಳಗೆ ಎಲ್ಲವೂ ಸರಿಯಾಗಿತ್ತು. ಬಾಯಿಗೆ ಬರುವಾಗ ಆ ಒಂದು ಊರಾಗಿ ಬರುತ್ತಿತ್ತು. ತಾನು ಆಡಿದ್ದು ತನ್ನ ಕಿವಿಗೇ ಬಿದ್ದಾಗ ಅವನು ಮುಖ ಹಿಂಡುತ್ತಿದ್ದ. ನೋಡಲು ಬಂದವರು ಮೊದಮೊದಲು ನಗು ತಡೆದುಕೊಂಡರು, ಆಮೇಲೆ ಬರುವುದನ್ನೇ ಬಿಟ್ಟರು.

ಕಸ್ತೂರಿ ಮಾತ್ರ ಆ ಒಂದು ಮಾತಿನ ಏರಿಳಿತ ಕಲಿತಳು. ಮೆಲ್ಲಗೆ ಅಂದರೆ ನೀರು, ಮೊಟಕಾಗಿ ಅಂದರೆ ಬೇಡ, ಕೊನೆಗೆ ಎಳೆದರೆ ಹತ್ತಿರ ಬಾ. ತಪ್ಪು ತಿಳಿದುಕೊಂಡರೆ ಅವನು ಎಡಗೈಯಿಂದ ಹಣೆ ಹೊಡೆದುಕೊಳ್ಳುತ್ತಿದ್ದ.

ಇನ್ನೊಂದು ವಿಷಯವನ್ನು ಅವಳು ಒಳಗೇ ಇಟ್ಟುಕೊಂಡಿದ್ದಳು. ನನಗೆ ಅದು ತಿಳಿದದ್ದು ಪಕ್ಕದ ಮನೆಯ ರಾಚಪ್ಪ ಬಂದ ದಿನ. ರಾಚಪ್ಪ ಮಗ್ಗ ರಿಪೇರಿ ಮಾಡುವವನು, ಗುರಸಿದ್ದಪ್ಪನ ಹಳೆಯ ಗೆಳೆಯ. ಅಡಿಗೆಮನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಅಂದ:

“ಅಕ್ಕಾರ, ಗಾಡಿ ಮಾರಿಬಿಡ್ರಿ. ನಿಂತಲ್ಲೇ ತುಕ್ಕು ಹಿಡೀತೈತಿ. ಅಂವ ಇನ್ನ ಓಡಸೂ ಮಾತಿಲ್ಲ.”

“ಗೊತ್ತೈತಿ ರಾಚಣ್ಣಾ. ಡಾಕ್ಟರು ನನ್ನ ಹೊರಗ ಕರದು ಅವತ್ತಽ ಹೇಳ್ಯಾರ. ಇವರಿಗೆ ಹ್ಯಾಂಗ ಹೇಳ್ಲಿ?”

ನಾನು ಇಷ್ಟು ಕಾದದ್ದು ಇನ್ನೆಂದೂ ಓಡದ ಕಾರಿಗಾಗಿ ಎಂದು ಆವತ್ತೇ ಗೊತ್ತಾಯಿತು.

ಆ ಮಳೆಗಾಲದಲ್ಲಿ ಗುರಸಿದ್ದಪ್ಪ ಊಟ ಬಿಟ್ಟ. ತಾಟು ಮುಂದಿಟ್ಟರೆ ಸರಿಸುತ್ತಿದ್ದ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕಸ್ತೂರಿ ಗದರಿಸಿ ನೋಡಿದಳು, ಅತ್ತು ನೋಡಿದಳು. ಒಂದು ದಿನ ಅವಳು ಹಲಗೆ ಒರೆಸುತ್ತ ನನ್ನ ಡಬ್ಬಿಯನ್ನು ಕೆಳಗಿಟ್ಟಾಗ ಅವನು ತಲೆ ಎತ್ತಿದ. ಎಡಗೈ ಚಾಚಿದ. ಅವಳು ಡಬ್ಬಿಯನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅವನು ನನ್ನನ್ನು ಹೊರಗೆ ತೆಗೆದು ಹೆಬ್ಬೆರಳಿನಿಂದ ತಿರುಗಿಸಿದ. ಕಿವಿಗೆ ಹಿಡಿಯಲು ಹೋದ. ಒಂದೇ ಕೈಯಲ್ಲಿ ಆಗಲಿಲ್ಲ. ಅವಳೇ ಎತ್ತಿ ಅವನ ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ಅವನು ಕಿಟಕಿಯಾಚೆಯ ಕಾರಿನ ಕಡೆಗೆ ನೋಡಿ “ಜಮಖಂಡಿ” ಅಂದ. ಅವಳು ಹೂಂ ಅಂದಳು. ಆ ದಿನ ಅವನು ಕೇಳಿ ಹಾಕಿಸಿಕೊಂಡು ರೊಟ್ಟಿ ತಿಂದ.

ಕಸ್ತೂರಿ ಕೇಳಿದ್ದಕ್ಕೆ, ನನ್ನನ್ನು ಕೂಡಿಸಲೆಂದು ರಾಚಪ್ಪನೇ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ. ಅವನು ಬಾನೆಟ್ಟು ಎತ್ತಿದ್ದೇ ತಡ, ಮನೆಯ ಮುಂದಿನ ಕಟ್ಟೆಯ ಮೇಲಿದ್ದ ಗುರಸಿದ್ದಪ್ಪ ಕೋಲಿನಿಂದ ನೆಲ ಬಡಿದ. ಕೂಗಾಡಿದ. ಅದೊಂದೇ ಮಾತು ಬೈಗುಳವಾಗಿ ಹೊರಬಂತು. ಮೆಕ್ಯಾನಿಕ್ ಹೆದರಿ ಹೋಗಿಬಿಟ್ಟ. ಬೇರೆಯವರ ಕೈ ಬೇಡ ಎಂಬುದು ಕಸ್ತೂರಿಗೆ ತಿಳಿಯಿತು. ಉಳಿದದ್ದು ಅವಳ ಕೈ.

ಮಗ್ಗಕ್ಕೆ ರಜೆ ಇದ್ದ ದಿನ ಅವಳು ಕಾರಿನ ಮುಂದೆ ಒಂದು ಕುರ್ಚಿ ಹಾಕಿ ಅವನನ್ನು ಕೂಡಿಸಿದಳು. ಬೋಲ್ಟು ತಿರುಗಿಸುವ ಪಾನಾಗಳ ಚೀಲ ಬಿಚ್ಚಿ ಚಾಪೆಯ ಮೇಲೆ ಹರಡಿದಳು. ಅವಳು ಒಂದೊಂದೇ ಪಾನಾ ಎತ್ತಿ ತೋರಿಸುವುದು, ಅವನು ಬೇಡವಾದದ್ದಕ್ಕೆ ತಲೆಯಾಡಿಸುವುದು, ಬೇಕಾದದ್ದಕ್ಕೆ ಜಮಖಂಡಿ ಅನ್ನುವುದು. ಹೀಗೆ ಶುರುವಾಯಿತು ಕೆಲಸ.

ಮೊದಲು ರೇಡಿಯೇಟರಿನಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿಗೆ ಇಳಿಸಿದಳು. ಕೆಂಪು ನೀರು, ತುಕ್ಕಿನ ವಾಸನೆ. ಆಮೇಲೆ ಡೈನಮೊ ಸಡಿಲಿಸಿ ಬೆಲ್ಟು ತೆಗೆದಳು. ಬೆಲ್ಟು ಅವಳಿಗೆ ಹೊಸದಲ್ಲ, ಮಗ್ಗದಲ್ಲೂ ಇತ್ತು. ಫ್ಯಾನು ಬಿಚ್ಚಿದಳು, ರಬ್ಬರ್ ಪೈಪು ಕಳಚಿದಳು. ಹಳೆಯ ಪಂಪಿನ ಬೋಲ್ಟುಗಳು ಜಗ್ಗಲಿಲ್ಲ. ಪಾನಾಕ್ಕೆ ಮೈಭಾರ ಕೊಟ್ಟು ಒತ್ತಿದಾಗ ಅದು ಜಾರಿ, ಮೊಣಕೈ ರೇಡಿಯೇಟರಿಗೆ ತಾಗಿ ರಕ್ತ ಬಂತು. ಗುರಸಿದ್ದಪ್ಪ ಎದ್ದು ನಿಲ್ಲಲು ಹೋಗಿ ಮತ್ತೆ ಕುಸಿದು ಕುಳಿತ. ಅವಳು ಸೆರಗಿನಿಂದ ಒರೆಸಿಕೊಂಡು ಬೋಲ್ಟಿನ ಬುಡಕ್ಕೆ ಸೀಮೆಎಣ್ಣೆ ಬಿಟ್ಟಳು, ಕಾದಳು, ಮತ್ತೆ ಒತ್ತಿದಳು. ಕೊನೆಗೂ ಕಿರ್ರೆಂದು ತಿರುಗಿತು.

ಹಳೆಯ ಪಂಪು ಹೊರಗೆ ಬಂತು. ಅದರ ಶಾಫ್ಟು ಹಲ್ಲಿನಂತೆ ಅಲುಗಾಡುತ್ತಿತ್ತು. ಅವಳು ಅದನ್ನು ಬೇವಿನ ಬುಡದಲ್ಲಿಟ್ಟು ನನ್ನನ್ನು ಕೈಗೆತ್ತಿಕೊಂಡಳು. ಎಂಜಿನ್ನಿಗೂ ನನಗೂ ನಡುವೆ ಇಡಲೆಂದು ಡಬ್ಬಿಯಲ್ಲಿದ್ದ ಕಾಗದದ ಪ್ಯಾಕಿಂಗು ಒಣಗಿ ಮುಟ್ಟಿದರೆ ಮುರಿಯುವಂತಾಗಿತ್ತು. ಪ್ಯಾಕಿಂಗು ಇಲ್ಲದೆ ಕೂಡಿಸಿದರೆ ನೀರು ನಿಲ್ಲುವುದಿಲ್ಲ. ಅವಳು ಸ್ವಲ್ಪ ಯೋಚಿಸಿ ಶೆಡ್ಡಿಗೆ ಹೋಗಿ ಸೀರೆಯ ಅಂಚಿನ ವಿನ್ಯಾಸಕ್ಕೆ ಬಳಸುವ ದಪ್ಪ ರಟ್ಟಿನ ಒಂದು ಹಾಳೆ ತಂದಳು. ಇನ್ನೂ ತೂತು ಹೊಡೆಯದ ಹಾಳೆ. ನನ್ನ ಬಾಯಿಯ ಮೇಲೆ ಅದನ್ನಿಟ್ಟು ಸುತ್ತಲೂ ಒತ್ತಿ ಗುರುತು ಮೂಡಿಸಿ ಕತ್ತರಿಸಿದಳು. ಎರಡೂ ಬದಿಗೆ ಗ್ರೀಸು ಸವರಿ ಗಂಡನಿಗೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಸರಿ ಎಂಬಂತೆ ತಲೆದೂಗಿದ. ಅವನ ಕಣ್ಣಲ್ಲಿ ನೀರಿತ್ತು.

ನನ್ನನ್ನು ಎಂಜಿನ್ನಿಗೆ ಹಚ್ಚಿ ಬೋಲ್ಟು ಬಿಗಿಯುವಾಗ ಅವಳು ಒಂದರ ಪಕ್ಕದ ಇನ್ನೊಂದಕ್ಕೆ ಹೋದಳು. “ಜಮಖಂಡಿ!” ಎಂದು ಅವನು ಸಿಡುಕಿದ. ಎಡಗೈಯಿಂದ ಗಾಳಿಯಲ್ಲಿ ಅಡ್ಡಡ್ಡ ಗೆರೆ ಎಳೆದ. ಒಂದರ ಎದುರಿನದನ್ನು ಬಿಗಿಯಬೇಕು, ಇಲ್ಲದಿದ್ದರೆ ಮೈ ಒಂದು ಕಡೆಗೆ ವಾಲುತ್ತದೆ. ಅವಳು ಹಾಗೆಯೇ ಮಾಡಿದಳು. ಫ್ಯಾನು, ಬೆಲ್ಟು, ಪೈಪು ಎಲ್ಲ ಮರಳಿ ಕೂತವು.

ರಾಚಪ್ಪ ಬ್ಯಾಟರಿ ಚಾರ್ಜು ಮಾಡಿಸಿ ತಂದ. ಅವಳು ಹೊಸ ನೀರು ತುಂಬಿದಳು. ಗುರಸಿದ್ದಪ್ಪನನ್ನು ಇಬ್ಬರೂ ಹಿಡಿದು ಡ್ರೈವರ್ ಸೀಟಿನಲ್ಲಿ ಕೂಡಿಸಿದರು. ಅವನು ಬಾಗಿ ಎಡಗೈಯಿಂದ ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಮತ್ತೆ ಕೆಮ್ಮಿತು, ಹತ್ತಿಕೊಂಡಿತು. ಬೆಲ್ಟು ನನ್ನನ್ನು ಎಳೆಯಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ನಾನು ನಿಜವಾಗಿ ತಿರುಗಿದೆ. ಮೊದಲು ಗಾಳಿ ಸಿಕ್ಕಿತು, ಗುಳುಗುಳು ಎಂದಿತು, ಆಮೇಲೆ ನೀರು ಸಿಕ್ಕಿತು. ತಣ್ಣಗಿನ ನೀರು ನನ್ನ ರೆಕ್ಕೆಗಳನ್ನು ತುಂಬಿ ಎಂಜಿನ್ನಿನ ಒಳಕ್ಕೆ ಹೋಯಿತು, ಬೆಚ್ಚಗಾಗಿ ಮರಳಿತು. ಕಸ್ತೂರಿ ನನ್ನ ಕೊರಳ ಸುತ್ತ ಕೈಯಾಡಿಸಿ ನೋಡಿದಳು. ಒಣಗಿತ್ತು. ಆ ಕೈಯನ್ನು ಗಂಡನಿಗೆ ತೋರಿಸಿ “ಒಂದು ಹನಿ ಇಲ್ರಿ,” ಅಂದಳು. ಅವನು ನಕ್ಕ. ಆ ಮನೆಯಲ್ಲಿ ನಾನು ಕಂಡ ನಗು ಅದೊಂದೇ.

ಆ ನಗುವೇ ಮುಂದಿನದಕ್ಕೆಲ್ಲ ಮೂಲವಾಯಿತು. ಗುರಸಿದ್ದಪ್ಪ ಊಟ ಮಾಡತೊಡಗಿದ. ದಿನ ಬೆಳಗಾದರೆ ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ನು ಹಚ್ಚುತ್ತಿದ್ದ. ಕಾರು ನಿಂತಲ್ಲೇ ಗುಡುಗುತ್ತಿತ್ತು, ನಾನು ಅದೇ ನೀರನ್ನು ಸುತ್ತಿಸುತ್ತಿದ್ದೆ. ಕಸ್ತೂರಿ ಪಕ್ಕದಲ್ಲಿ ನಿಂತು ಕಾಯುತ್ತಿದ್ದಳು. ಮಗ್ಗಕ್ಕೆ ಹೊತ್ತಾದಾಗ ಎಂಜಿನ್ನು ಆರಿಸಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಕೆಲವು ದಿನಗಳ ನಂತರ ಅವನು ರಸ್ತೆಯ ಕಡೆಗೆ ಕೈ ತೋರಿಸಲು ಶುರುಮಾಡಿದ. ಕಾಲು ಇನ್ನೊಂದಿಷ್ಟು ಬಿಗಿ ಬರಲಿ ಎಂದಳು. ದೀಪಾವಳಿ ಮುಗಿಯಲಿ ಎಂದಳು. ಟೈರು ಹಾಕಿಸಬೇಕು ಎಂದಳು. ಅವನು ನಂಬುತ್ತಿದ್ದ. ಕಟ್ಟೆಯ ಮೇಲೆ ಕೂತು ಬಲಗಾಲನ್ನು ಎಡಗೈಯಿಂದ ಎತ್ತಿ ಎತ್ತಿ ಇಡುತ್ತಿದ್ದ, ಪೆಡಲು ತುಳಿಯುವುದನ್ನು ರೂಢಿ ಮಾಡಿಕೊಳ್ಳುವವನಂತೆ. ಅದನ್ನು ನೋಡಿದಾಗಲೆಲ್ಲ ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಅವಳು ಮಗ್ಗಕ್ಕೆ ಹೊರಟಾಗ ಅವನು ಕೈ ಚಾಚಿದ. ಮೆಲ್ಲಗೆ, ಮಗು ಕೇಳುವ ಹಾಗೆ, “ಜಮಖಂಡಿ” ಅಂದ. ಅವನಿಗೆ ಕೀಲಿ ಬೇಕಿತ್ತು. ಅವಳು ಬಾಗಿಲಲ್ಲಿ ನಿಂತು ಯೋಚಿಸಿದಳು. ಒಬ್ಬನೇ ಕಾರಿನೊಳಗೆ ಹತ್ತಲಾರ, ಜೇಬಿನಲ್ಲಿ ಇಟ್ಟುಕೊಂಡರೆ ಇಟ್ಟುಕೊಳ್ಳಲಿ ಅನ್ನಿಸಿರಬೇಕು. ಗಂಟು ಬಿಚ್ಚಿ ಕೀಲಿ ಕೊಟ್ಟಳು.

ಅವಳು ಓಣಿ ದಾಟಿ ಹೋಗುವುದನ್ನೇ ಅವನು ಕಾದ. ಆಮೇಲೆ ಕೋಲೂರಿಕೊಂಡು ಬಂದ. ಬಾಗಿಲು ತೆರೆದ, ಸೀಟಿನ ಮೇಲೆ ಹೇಗೋ ಬಿದ್ದು ಮೈಯನ್ನು ಒಳಗೆ ಎಳೆದುಕೊಂಡ. ಕೀಲಿ ತಿರುಗಿತು, ನಾನು ತಿರುಗಿದೆ. ಎಡಗಾಲು ಕ್ಲಚ್ಚು ಒತ್ತಿತು, ಎಡಗೈ ಗೇರು ಹಾಕಿತು. ಅವೆರಡೂ ಗಟ್ಟಿಯಾಗಿದ್ದವು. ಆದರೆ ಆ್ಯಕ್ಸಿಲರೇಟರು, ಬ್ರೇಕು ಎರಡೂ ಬಲಗಾಲಿನ ಕೆಲಸ. ಸತ್ತ ಕಾಲು ಆ್ಯಕ್ಸಿಲರೇಟರಿನ ಮೇಲೆ ಕಲ್ಲಿನಂತೆ ಬಿತ್ತು, ಮತ್ತೆ ಏಳಲಿಲ್ಲ. ಎಂಜಿನ್ನು ಕಿರುಚಿತು. ಕಾರು ಬೇವಿನ ನೆರಳಿನಿಂದ ಹಾರಿ, ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ, ರಾಚಪ್ಪನ ಮನೆಯ ಗೋಡೆಗೆ ಹೋಗಿ ಗುದ್ದಿತು. ಫ್ಯಾನು ರೇಡಿಯೇಟರಿನೊಳಗೆ ನುಗ್ಗಿತು. ನನ್ನ ಶಾಫ್ಟು ಬಾಗಿತು, ಬೇರಿಂಗು ಒಡೆಯಿತು. ನಾನು ತಳ್ಳುತ್ತಿದ್ದ ನೀರೆಲ್ಲ ಮಣ್ಣಿನ ಪಾಲಾಯಿತು.

ಆ ಗೋಡೆಯ ಬುಡದಲ್ಲಿ ರಾಚಪ್ಪನ ಮೊಮ್ಮಗಳು ದಿನವೂ ಅಡಿಗೆ ಆಟ ಆಡುತ್ತಿದ್ದಳು. ಆಗಷ್ಟೇ ಅವಳ ತಾಯಿ ತಲೆ ಬಾಚಲೆಂದು ಒಳಗೆ ಕರೆದಿದ್ದಳು. ಪುಟ್ಟ ಮಣ್ಣಿನ ಗಡಿಗೆಗಳು ನಮ್ಮ ಮುಂದಿನ ಗಾಲಿಯ ಕೆಳಗೆ ಪುಡಿಯಾಗಿ ಬಿದ್ದಿದ್ದವು. ಗುರಸಿದ್ದಪ್ಪ ತಲೆ ಬಾಗಿಸಿ ಅದನ್ನು ನೋಡಿದ. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಜನ ಬಂದು ಅವನನ್ನು ಇಳಿಸುವವರೆಗೂ ಆ ಗಡಿಗೆಯ ಚೂರುಗಳಿಂದ ಅವನು ಕಣ್ಣು ತೆಗೆಯಲಿಲ್ಲ.

ರಾಚಪ್ಪ ಬೈಯಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಸ್ತೂರಿ ಓಡಿಬಂದಳು. ಗಂಡನ ಹಣೆಗೆ ಬಟ್ಟೆ ಕಟ್ಟಿ ಕಟ್ಟೆಯ ಮೇಲೆ ಕೂಡಿಸಿದಳು. ಜನ ಚದುರಿದ ಮೇಲೆ ಅವನ ಕಾಲ ಬಳಿ ಕುಳಿತು, ಅವನ ಮುಖ ನೋಡದೆ ಹೇಳಿದಳು:

“ಡಾಕ್ಟರು ಅವತ್ತಽ ಹೇಳಿದ್ರು, ನೀವು ಇನ್ನ ಗಾಡಿ ಓಡಸಾಕ ಆಗೂದಿಲ್ಲ ಅಂತ. ನಾನಽ ಮುಚ್ಚಿಟ್ಟೆ. ನೀವು ಉಣಲಿ ಅಂತ ಪಂಪ ಕೂಡಿಸಿದೆ.”

ಅವನು ಕೇಳಿದ. ಕೋಪ ಬರುತ್ತದೆ, ಅದೊಂದು ಮಾತಿನಲ್ಲಿ ಅವಳನ್ನು ಬೈಯುತ್ತಾನೆ ಎಂದುಕೊಂಡೆ. ಅವನು ಏನೂ ಅನ್ನಲಿಲ್ಲ. ಆ ದಿನವೂ ಅನ್ನಲಿಲ್ಲ, ಮರುದಿನವೂ ಅನ್ನಲಿಲ್ಲ. ನೀರು ಬೇಕಾದರೆ ಚೆಂಬನ್ನು ನೋಡುತ್ತಿದ್ದ. ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಸುಮ್ಮನಿರುತ್ತಿದ್ದ. ಉಳಿದಿದ್ದ ಆ ಒಂದು ಊರನ್ನೂ ಅವನು ಬಿಟ್ಟುಕೊಟ್ಟಿದ್ದ.

ನುಜ್ಜಾದ ಕಾರನ್ನು ಮತ್ತೆ ಬೇವಿನ ಕೆಳಗೆ ತಳ್ಳಿ ನಿಲ್ಲಿಸಿದ್ದರು. ಬಾನೆಟ್ಟು ಮಡಚಿಕೊಂಡು ತೆರೆದೇ ಇತ್ತು. ಅಲ್ಲಿಂದ ನನಗೆ ಕಟ್ಟೆ ಕಾಣುತ್ತಿತ್ತು. ಕಸ್ತೂರಿ ಅವನಿಗೆ ಉಣಿಸುತ್ತ ಬೇಡಿಕೊಳ್ಳುತ್ತಿದ್ದಳು. “ಒಮ್ಮೆ ಜಮಖಂಡಿ ಅನ್ರಿ. ಬೈದರ ಬೈರಿ.” ಅವನು ಬಾಯಿ ತೆರೆಯುತ್ತಿದ್ದ, ತುತ್ತಿಗಾಗಿ.

ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಂದಳು. ಅವರ ಮನೆಯ ಗಾಡಿಯ ಪಂಪೂ ಸೋರುತ್ತಿತ್ತಂತೆ. ನಿಮಗೆ ಅದು ಬರುತ್ತದಂತೆ, ನಮ್ಮವರಿಗೆ ಸ್ವಲ್ಪ ತೋರಿಸಿಕೊಡಿ ಎಂದು ಕೇಳಿದಳು. ಕಸ್ತೂರಿ ಅವಳತ್ತ ತಿರುಗದೆ ಅಂದಳು, “ನನಗೇನೂ ಬರೂದಿಲ್ರಿ ಅದು.” ಹೆಂಗಸು ಹೋದ ಮೇಲೆ ಪಾನಾಗಳ ಚೀಲವನ್ನು ತಂದು ನಮ್ಮ ಕಾರಿನ ಹಿಂದಿನ ಸೀಟಿಗೆ ಎಸೆದಳು. ಗಾಡಿಯ ಜೊತೆ ಅದೂ ಹೋಗಲಿ ಎಂದಿರಬೇಕು.

ಕೊನೆಗೆ ಗುಜರಿಯ ಬಾಬಾಲಾಲ ಟೆಂಪೋ ತಂದು ನಮ್ಮ ಕಾರಿಗೆ ಹಗ್ಗ ಕಟ್ಟಿದ. ಎಳೆಯುವಾಗ ಹಿಂದಿನ ಗಾಡಿಯ ಸ್ಟೇರಿಂಗು ಹಿಡಿಯಲು ಒಬ್ಬರು ಬೇಕು, ಓಣಿ ಇಕ್ಕಟ್ಟು, ತನ್ನ ಆಳು ಮೇನ್ ರೋಡಿನಲ್ಲಿ ನಿಂತಿದ್ದಾನೆ ಎಂದ. ರಾಚಪ್ಪನ ಬಾಗಿಲು ಮುಚ್ಚಿತ್ತು. ಓಣಿಯಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ.

“ನಾ ಹಿಡೀತೀನಿ,” ಎಂದಳು ಕಸ್ತೂರಿ.

ಅವಳು ಆ ಸೀಟಿನಲ್ಲಿ ಎಂದೂ ಕೂತಿರಲಿಲ್ಲ. ಸೀರೆ ಒತ್ತಿಕೊಂಡು ಕೂತಳು, ಎರಡೂ ಕೈಯಿಂದ ಸ್ಟೇರಿಂಗು ಹಿಡಿದಳು. ಟೆಂಪೋ ಹೊರಟಿತು, ಹಗ್ಗ ಬಿಗಿಯಿತು, ಕಾರು ಮೆಲ್ಲಗೆ ಉರುಳಿತು. ಕಟ್ಟೆಯ ಎದುರಿಗಿದ್ದ ಓಣಿಯ ತಿರುವಿನಲ್ಲಿ ಎತ್ತ ತಿರುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಗೋಡೆ ಹತ್ತಿರ ಬರುತ್ತಿತ್ತು. ಆಗ ಕಟ್ಟೆಯ ಮೇಲೆ ಗುರಸಿದ್ದಪ್ಪ ಎದ್ದು ನಿಂತ. ಎಡಗೈ ಎತ್ತಿ ತಿರುಗಿಸಿ ತೋರಿಸಿದ, ಇನ್ನೂ, ಇನ್ನೂ, ಸಾಕು, ನೇರ ಮಾಡು. ಅವಳು ಅವನ ಕೈಯನ್ನೇ ನೋಡುತ್ತ ಹಾಗೆ ತಿರುಗಿಸಿದಳು. ಕಾರು ಗೋಡೆಗೆ ತಾಗದೆ ಹೊರಬಂತು. ಅವನ ಬಾಯಿಂದ ಮಾತು ಬರಲಿಲ್ಲ. ಕೈ ಇಳಿಸಿ, ಬೆನ್ನು ಮಾಡಿ ಒಳಗೆ ಹೋದ.

ಮೇನ್ ರೋಡಿನಲ್ಲಿ ಬಾಬಾಲಾಲನ ಆಳು ಸ್ಟೇರಿಂಗಿಗೆ ಬಂದ. ಕಸ್ತೂರಿ ಇಳಿದಳು. ಬಾಬಾಲಾಲ ಏನೋ ಹೇಳಿ ಹೊರಟ. ನಮ್ಮನ್ನು ಎಳೆದುಕೊಂಡು ಹೋದಷ್ಟು ದೂರವೂ ಅವಳು ಅಲ್ಲೇ ನಿಂತಿದ್ದಳು. ಮನೆಯ ಕಡೆ ತಿರುಗಲಿಲ್ಲ.

ಈಗ ನಾನು ಗುಜರಿಯ ಅಂಗಳದಲ್ಲಿ, ಬೇಲಿಯ ಬದಿಗೆ, ಅದೇ ಎಂಜಿನ್ನಿಗೆ ಅಂಟಿಕೊಂಡೇ ಇದ್ದೇನೆ. ಎಂಜಿನ್ನಿನ ಮೈಮೇಲೆ ಮಳೆ ಬೀಳುತ್ತದೆ, ಒಣಗುತ್ತದೆ. ಇಲ್ಲಿ ನನ್ನ ಸುತ್ತ ಬಿದ್ದಿರುವ ಹೆಚ್ಚಿನವು ದುಡಿದು ಸವೆದು ಬಂದವು. ಅವಕ್ಕೆ ಹೇಳಿಕೊಳ್ಳಲು ದಾರಿಗಳಿವೆ, ಊರುಗಳಿವೆ. ನನಗೆ ಒಂದು ಬೇವಿನ ನೆರಳು, ಗೋಡೆಯವರೆಗಿನ ಇಷ್ಟು ನೆಲ. ನಾನು ಮುರಿದದ್ದಕ್ಕೆ ದುಃಖವಿಲ್ಲ, ಮುರಿಯುವುದು ನಮ್ಮ ಜಾತಿಗೆ ಇದ್ದದ್ದೇ. ಸರಿಯಾಗಿ ಕೂಡಿಸಿದ್ದಳು, ಸರಿಯಾಗಿ ತಿರುಗಿದ್ದೆ, ಒಂದು ಹನಿಯೂ ಸೋರಿರಲಿಲ್ಲ. ಎಲ್ಲವೂ ಸರಿ ಇದ್ದೇ ಆ ಮನೆ ಹಾಗಾಯಿತು. ಎಲ್ಲಿಯಾದರೂ ಒಂದು ತಪ್ಪಾಗಿದ್ದು, ಕೀಲಿ ತಿರುಗಿಸಿದಾಗ ಎಂಜಿನ್ನು ಹತ್ತದೇ ಹೋಗಿದ್ದರೆ, ಅವನು ಈಗಲೂ ಕಟ್ಟೆಯ ಮೇಲೆ ಕೂತು ಅವಳನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಿದ್ದ.